ಗದ್ದೆ ಇಲಿಯೂ ವೋಲೂ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಾರ್, ವಿ.ಸಿ. ನಾಲೆ ಪಕ್ಕ ನಮ್ಮ ಗದ್ದೆ ಐತೆ. ಕುಯ್ಲು ಟೈಮಲ್ಲಿ ಬದು ಸಂದಿಯಿಂದ ಪುಟಾಣಿ ಇಲಿಗಳು ಓಡ್ತವೆ, ಬೆನ್ನು ಕಂದು, ಹೊಟ್ಟೆ ಬಿಳಿ. ಯೂಟ್ಯೂಬ್ ನೋಡ್ಬುಟ್ಟು ನನ್ ಮಗಳು ಇದು ವೋಲ್ ಅಂತಾಳೆ. ನಿಜವಾ?
– ಓದುಗರು, ಪಾಂಡವಪುರ

ಉತ್ತರ: ಇಲ್ಲ ಸಾರ್, ವೋಲ್ ಅಂದ್ರೆ ಇಲಿ ಥರಾನೇ ಕಾಣೋ, ಗಿಡ್ಡ ಬಾಲದ ಇನ್ನೊಂದು ಪ್ರಾಣಿ, ನಮ್ ಕಡೆ ಕಾಡು ವೋಲ್ ಇಲ್ವೇ ಇಲ್ಲ. ಭಾರತದಲ್ಲಿ ಅವು ಇರೋದು ಹಿಮಾಲಯದ ಕಡೆ, ಕಾಶ್ಮೀರ, ಲಡಾಖ್, ಹಿಮಾಚಲ, ಉತ್ತರಾಖಂಡ, ಸಿಕ್ಕಿಂ ಹೀಗೆ. ನೀವು ಬರ್ದಿರೋದು ನೋಡಿದ್ರೆ ಅದು ಮಸ್ ಬೂಡುಗ ಅನ್ನೋ ಹೊಲದ ಇಲಿ ಇರ್ಬೇಕು, ತೂಕ ಸುಮಾರು 10 ಗ್ರಾಂ ಅಷ್ಟೇ. ಮಗಳಿಗೆ ಒಂದು ಕೆಲ್ಸ ಕೊಡಿ, ಮುಂದಿನ ಸಲ ಕಂಡಾಗ ಬಾಲ, ಕಿವಿ ಎರಡನ್ನೇ ನೋಡ್ಲಿ. ನಿಮ್ಮ ಇಲಿಗೆ ಬಾಲ ಹೆಚ್ಚುಕಮ್ಮಿ ಮೈಯಷ್ಟೇ ಉದ್ದ, ಕಿವಿ ಎದ್ದು ಕಾಣತ್ತೆ. ಯೂರೋಪಿನ ಹುಲ್ಲುಗಾವಲಲ್ಲಿರೋ ಫೀಲ್ಡ್ ವೋಲ್‌ಗೆ ಮೈ 10 ಸೆಂಟಿಮೀಟರ್ ಆಸುಪಾಸು ಇದ್ರೆ ಬಾಲ 3-4 ಸೆಂಟಿಮೀಟರ್, ಮೂತಿ ಮೊಂಡು, ಕಣ್ಣು ಸಣ್ಣದು, ಕಿವಿ ಕೂದಲೊಳಗೇ ಮುಚ್ಚಿಹೋಗಿರತ್ತೆ. ವಂಶಾನೂ ಬೇರೆ, ಜನ ಮನೇಲಿ ಸಾಕ್ತಾರಲ್ಲ ಹ್ಯಾಮ್‌ಸ್ಟರ್, ಅದು ವೋಲ್‌ಗೆ ನಮ್ ಇಲಿಗಿಂತ ಹತ್ತಿರದ ನೆಂಟ.

ಪ್ರಶ್ನೆ: ಹಾಗಾದ್ರೆ ವೋಲ್ ತಿನ್ನೋದೇನು? ಇಲಿ ಥರ ಕಾಳು ಕದಿಯುತ್ತಾ?
– ಓದುಗರು, ಮಳವಳ್ಳಿ

ಉತ್ತರ: ಒಳ್ಳೇ ಪ್ರಶ್ನೆ, ವೋಲ್ ಕಥೆಯೆಲ್ಲ ಇರೋದೇ ಇದ್ರಲ್ಲಿ. ಫೀಲ್ಡ್ ವೋಲ್ ಮುಖ್ಯವಾಗಿ ಹುಲ್ಲನ್ನೇ ತಿಂದು ಬದುಕೋ ಪ್ರಾಣಿ, 20ರಿಂದ 50 ಗ್ರಾಂ ತೂಗೋ ಜೀವ ಹುಲ್ಲು ಮೇಯೋದು ಅಂದ್ರೆ ಸುಲಭ ಅಲ್ಲ, ಯಾಕಂದ್ರೆ ಹುಲ್ಲಲ್ಲಿ ಸಿಲಿಕಾ (ಮರಳಲ್ಲಿರೋ ಗಟ್ಟಿ ವಸ್ತು) ಇರತ್ತೆ, ಹಲ್ಲು ಸವೀತಾನೇ ಇರತ್ತೆ. ಅದಕ್ಕೇ ಇದರ ದವಡೆ ಹಲ್ಲಿಗೆ ಬೇರು ಅನ್ನೋದೇ ಇಲ್ಲ, ಸಾಯೋವರೆಗೂ ಬೆಳೀತಾ ಇರತ್ತೆ, ಮೇಲ್ಗಡೆ ಅಂಕುಡೊಂಕು ತ್ರಿಕೋನಗಳು, ಕೊರೆದ ಬೀಸೋಕಲ್ಲಿನ ಹಾಗೆ. (ಬ್ಯಾಂಕ್ ವೋಲ್ ಅಂತ ಇನ್ನೊಂದಿದೆ, ಅದರ ಹಲ್ಲಿಗೆ ವಯಸ್ಸಾದ್ಮೇಲೆ ಬೇರು ಬರತ್ತೆ.) ಈ ಹಲ್ಲಿನ ವಿನ್ಯಾಸ ಕಾಲಕಾಲಕ್ಕೆ ಬದಲಾಗ್ತಾ ಬಂದಿರೋದ್ರಿಂದ ಯೂರೋಪಲ್ಲಿ ಭೂಮಿ ಅಗೆದು ಸಂಶೋಧನೆ ಮಾಡೋರು ಒಂದು ಪದರ ಎಷ್ಟು ಹಳೇದು ಅನ್ನೋದನ್ನ ಅದರಲ್ಲಿ ಸಿಕ್ಕಿದ ವೋಲ್ ಹಲ್ಲು ನೋಡಿ ಅಂದಾಜು ಮಾಡ್ತಾರೆ.

ಉದ್ದ ಹುಲ್ಲನ್ನ ಎರಡೂ ಕೈಯಲ್ಲಿ ಸರಿಸಿ ಬುಡ ನೋಡಿದ್ರೆ ವೋಲ್ ಓಡಾಡೋ ಸಣ್ಣ ಸಣ್ಣ ದಾರಿ ಕಾಣತ್ತೆ, ಮೇಲಿಂದ ಹುಲ್ಲು ಮುಚ್ಚಿರತ್ತೆ, ದಾರೀಲಿ ತುಂಡು ತುಂಡಾಗಿ ಕತ್ತರಿಸಿದ ಹುಲ್ಲಿನ ಕಡ್ಡಿ, ಪಕ್ಕದಲ್ಲಿ ಹಸಿರು ಹಿಕ್ಕೆ. ನಿಮ್ ಗದ್ದೇಲಿ ಭತ್ತದ ತೆಂಡೆ ಓರೆಯಾಗಿ ಕತ್ತರಿಸಿ ಬಿದ್ದಿದ್ರೆ, ಬದು ಅಗೆದಾಗ ಬಿಲದೊಳಗೆ ತೆನೆಗಳ ರಾಶಿ ಸಿಕ್ಕಿದ್ರೆ ಅದು ಬೇರೆ ಕಳ್ಳ, ಹೆಗ್ಗಣದ ಜಾತಿದು. ಪಾಪದ ಪುಟ್ಟ ಇಲಿ ಮೇಲೆ ಹಾಕ್ಬೇಡಿ.

ಪ್ರಶ್ನೆ: ವೋಲ್ ಗಂಡು ಹೆಣ್ಣು ಜೀವನಪೂರ್ತಿ ಜೊತೇಲೇ ಇರ್ತವಂತೆ, ನಿಜಾನಾ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಎಲ್ಲಾ ವೋಲ್ ಅಲ್ಲ. ಅಮೆರಿಕದ ನಡುಭಾಗದ ಪ್ರೇರಿ ವೋಲ್ ಆ ಥರ, ಜೋಡಿಯಾಗಿ ಗೂಡಲ್ಲಿ ಅಂಟ್ಕೊಂಡು ಕೂರತ್ತೆ, ಅಪ್ಪಾನೂ ಮರಿ ನೋಡ್ಕೊಳ್ಳತ್ತೆ. ಹಾಗಂತ ಪಾತಿವ್ರತ್ಯ ಅಂತೆಲ್ಲ ಅನ್ಕೋಬೇಡಿ, ಡಿಎನ್‌ಎ ಟೆಸ್ಟ್ ಮಾಡಿದಾಗ ಕೆಲವು ಮರಿಗಳ ಅಪ್ಪ ಬೇರೆ ಗಂಡು ಅಂತ ಗೊತ್ತಾಗಿದೆ. ಅದೇ ದೇಶದ ಮೆಡೋ ವೋಲ್, ಮಾಂಟೇನ್ ವೋಲ್‌ಗಳಿಗೆ ಈ ಜೋಡಿ ಸಂಸಾರಾನೇ ಇಲ್ಲ. ಆಕ್ಸಿಟೋಸಿನ್ ಹಾರ್ಮೋನೇ ಇದಕ್ಕೆಲ್ಲ ಕಾರಣ ಅಂತ ಬಹಳ ವರ್ಷ ಹೇಳ್ತಿದ್ರು, 2023ರಲ್ಲಿ ಬಂದ ಸಂಶೋಧನೇಲಿ ಆ ಹಾರ್ಮೋನಿನ ರಿಸೆಪ್ಟರ್ (ಜೀವಕೋಶದಲ್ಲಿ ಹಾರ್ಮೋನನ್ನ ಹಿಡ್ಕೊಳ್ಳೋ ಭಾಗ) ಇಲ್ಲದ ಹಾಗೆ ಮಾಡಿದ ಪ್ರೇರಿ ವೋಲ್‌ಗಳೂ ಜೋಡಿಯಾದ್ವು, ಹಾಗಾಗಿ ಇದು ವಾಟ್ಸಾಪಲ್ಲಿ ಬರೋ "ಲವ್ ಹಾರ್ಮೋನ್" ಮೆಸೇಜಿನಷ್ಟು ಸಿಂಪಲ್ ಅಲ್ಲ. ಇನ್ನು ಜೀವನಪೂರ್ತಿ ಅಂದ್ರಲ್ಲ, ಕಾಡಲ್ಲಿ ಅದು ಒಂದು ವರ್ಷ ಬದುಕಿದ್ರೆ ಹೆಚ್ಚು.

ಪ್ರಶ್ನೆ: ಇಷ್ಟು ಬೇಗ ಸಾಯೋದಾದ್ರೆ ಸಂತತಿ ಹೇಗೆ ಉಳಿಯತ್ತೆ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಹೆತ್ತು ಹೆತ್ತು! ಬಸಿರು ಮೂರು ವಾರ, ಮರಿ ಹಾಕಿದ ಕೂಡ್ಲೇ ಮತ್ತೆ ಗಬ್ಬ ಆಗ್ಬೋದು, ಮೆಡೋ ವೋಲ್ ಹೆಣ್ಣು ಮರಿ ಒಂದು ತಿಂಗಳು ತುಂಬೋ ಮುಂಚೆನೇ ತಾಯ್ತನಕ್ಕೆ ರೆಡಿ. ಚಳಿಗಾಲಕ್ಕೆ ನಿದ್ದೆ ಹೋಗೋ ಪ್ರಾಣಿನೂ ಅಲ್ಲ ಇದು, ಹಿಮದ ಕೆಳಗೆ ಸುರಂಗ ಮಾಡ್ಕೊಂಡು ಓಡಾಡ್ತಾನೇ ಇರತ್ತೆ. ಉತ್ತರ ಯೂರೋಪಲ್ಲಿ 3-4 ವರ್ಷಕ್ಕೊಂದ್ಸಲ ಸಂಖ್ಯೆ ಏರಿ ಧಡಾರಂತ ಬೀಳತ್ತೆ, ಬ್ರಿಟನ್ನಿನ ಪ್ರಾಣಿವಿಜ್ಞಾನಿ ಚಾರ್ಲ್ಸ್ ಎಲ್ಟನ್ 1924ರಲ್ಲೇ ಇಂಥ ಏರಿಳಿತದ ಬಗ್ಗೆ ಬರ್ದಿದ್ರು. 2007ರಲ್ಲಿ ಸ್ಪೇನಿನ ಕಾಸ್ತಿಯಾ-ಲಿಯೋನ್ ಕಡೆ ಕಾಮನ್ ವೋಲ್ ಮಿತಿಮೀರಿ ಹೆಚ್ಚಿ ರೈತರು ಕಂಗಾಲಾದ್ರು, ವಿಷ ಇಟ್ರು, ಆಮೇಲೆ ಕಣಜ ಗೂಬೆಗೆ ಅಂತ ಹೊಲಗಳಲ್ಲಿ ಗೂಡಿನ ಪೆಟ್ಟಿಗೆ ಹಾಕೋದೂ ಶುರುವಾಯ್ತು. ನನ್ನ ಕೇಳಿದ್ರೆ ಗೂಬೆನೇ ವಾಸಿ. ಮಂಡ್ಯ ಕಡೇನೂ ಗದ್ದೆ ಮಧ್ಯ ಟಿ ಆಕಾರದ ಕೋಲು ನೆಟ್ರೆ ರಾತ್ರಿ ಗೂಬೆ ಬಂದು ಕೂರತ್ತೆ, ಖರ್ಚೂ ಇಲ್ಲ. ಗೂಬೆ ಅಪಶಕುನ ಅನ್ನೋ ಅಜ್ಜಿನ ಒಪ್ಪಿಸೋದು ನಿಮಗೆ ಬಿಟ್ಟಿದ್ದು.

ಪ್ರಶ್ನೆ: ಟ್ರೆಕ್ಕಿಂಗ್ ಹೋದಾಗ ವೋಲ್ ನೋಡ್ಬೋದಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಉತ್ತರಾಖಂಡದ ತುಂಗನಾಥ್ ಕಡೆ ಹೋಗಿ, ಅಲ್ಲಿ ರಾಯ್ಲ್ಸ್ ಮೌಂಟನ್ ವೋಲ್ ಇದೆ, ಕಲ್ಲುಬಂಡೆ ಸಂದಿ ನೋಡ್ತಾ ಸುಮ್ನೆ ಕೂತ್ಕೊಳ್ಳಿ. ಗುಂಡು ಕಿವಿ ಎದ್ದು ಕಂಡು ಬಾಲಾನೇ ಕಾಣದಿದ್ರೆ ಮಾತ್ರ ಫೋಟೋಗೆ ವೋಲ್ ಅಂತ ಹೆಸರು ಹಾಕ್ಬೇಡಿ, ಅದು ಪೈಕಾ, ಮೊಲದ ಕಡೆಯೋರು.