ಕುಟ್ಟುವ ಮೊದಲು ಪಟ್ಟಿ ಓದಿ

ಪ್ರಶ್ನೆ: ಶರಣ್ರೀ ಡಾಕ್ಟರ್ ಸಾಹೇಬರೆ. ನಮ್ಮ ಅತ್ತೆಗೆ 61 ವರ್ಷ. ಖಿನ್ನತೆಗೆ ಡುಲೊಕ್ಸೆಟಿನ್ 30 ಕ್ಯಾಪ್ಸೂಲ್ ಬರೆದುಕೊಟ್ಟಾರೆ. ನುಂಗಲು ಆಗೋದಿಲ್ಲ ಅಂತ ಬಿಚ್ಚಿ, ಒಳಗಿನ ಕಾಳು ಅರೆದು ಹಾಲಿನಲ್ಲಿ ಕೊಡುತ್ತೇವೆ. ಎರಡು ತಿಂಗಳಾದರೂ ಗುಣವಿಲ್ಲ.
(ಆಳಂದದ ಓದುಗರು)

ಉತ್ತರ: ಗುಣ ಕಾಣದಿರಲು ಆ ಅರೆಯುವುದೇ ಕಾರಣ ಇರಬಹುದು. ಡುಲೊಕ್ಸೆಟಿನ್ ಹೊಟ್ಟೆಯ ಆಮ್ಲ ತಾಗಿದರೆ ಕೆಡುತ್ತದೆ. ಅದಕ್ಕೇ ಒಂದೊಂದು ಕಾಳಿಗೂ ಕರುಳಿಗೆ ಹೋದ ಮೇಲೆ ಕರಗುವ ಲೇಪ ಇರುತ್ತದೆ. ಅರೆದರೆ ಲೇಪ ಹೋಯಿತು. ಹಾಲಿನಲ್ಲಿ ಆಮ್ಲ ಕಡಿಮೆ, ಅದರಲ್ಲಿ ನೆನೆದರೆ ಅರೆಯದ ಕಾಳಿನ ಲೇಪವೂ ಸಡಿಲಾಗಬಹುದು. ವೈದ್ಯರು ಒಪ್ಪಿದರೆ ಕಾಳನ್ನು ಇಡಿಯಾಗಿ ಒಂದು ಚಮಚ ಬೇಯಿಸಿ ಹಿಚುಕಿದ ಸೇಬಿನ ಮೇಲೆ ಉದುರಿಸಿ, ಅಗಿಯದೆ, ಆಗಲೇ ನುಂಗಿಸಿ. ಕಲಸಿಟ್ಟು ಆಮೇಲೆ ಕೊಡಬೇಡಿ.

ಎಲ್ಲ ಗುಳಿಗೆಗೂ ಇದೇ ಮಾತು: ಕುಟ್ಟುವ ಮೊದಲು ಗುಳಿಗೆಯ ಪಟ್ಟಿಯ (ಸ್ಟ್ರಿಪ್) ಮೇಲೆ ಹೆಸರಿನ ಕೊನೆಗಿರುವ ಅಕ್ಷರ ನೋಡಿ. ಎಸ್‌ಆರ್, ಇಆರ್, ಎಕ್ಸ್‌ಆರ್, ಎಕ್ಸ್‌ಎಲ್, ಸಿಆರ್ ಅಂತಿದ್ದರೆ ಔಷಧ ತಾಸುಗಟ್ಟಲೆ ನಿಧಾನಕ್ಕೆ ಬಿಡುಗಡೆಯಾಗಬೇಕು. ಪುಡಿ ಮಾಡಿದರೆ ದಿನದ ಔಷಧವೆಲ್ಲ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಖಿನ್ನತೆಯ ಇನ್ನೊಂದು ಔಷಧ ಬುಪ್ರೊಪಿಯಾನ್‌ನಲ್ಲಿ ಹೀಗಾದರೆ ಫಿಟ್ಸ್ ಬರುವ ಅಪಾಯವಿದೆ. ಅಕ್ಷರ ಇಲ್ಲವೆಂದ ಮಾತ್ರಕ್ಕೆ ಕುಟ್ಟಬಹುದು ಎಂದಲ್ಲ; ನಿಮ್ಮ ಡುಲೊಕ್ಸೆಟಿನ್ ಪಟ್ಟಿಯ ಮೇಲೆ ಈ ಯಾವ ಅಕ್ಷರವೂ ಇರಲಿಕ್ಕಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೌಂಟರಿನ ಹುಡುಗನನ್ನಲ್ಲ, ಫಾರ್ಮಸಿಸ್ಟ್‌ರನ್ನೇ ಕೇಳಿ.

ಪ್ರಶ್ನೆ: ಖಿನ್ನತೆಗೆ ಎಸಿಟಾಲೊಪ್ರಾಮ್ 10 ದಿನಾ ಒಂದು. ನೀರು ಒಳಗೆ ಹೋಗುತ್ತದೆ, ಗುಳಿಗೆ ನಾಲಿಗೆ ಮೇಲೇ ಉಳಿದು ಕಹಿ ಬಿಡುತ್ತದೆ. ಏನು ಮಾಡಲಿ?
(ಶಹಾಪುರದ ಓದುಗರು)

ಉತ್ತರ: ತಲೆ ಹಿಂದಕ್ಕೆ ಚೆಲ್ಲಿ, ಚೊಂಬು ಮೇಲೆತ್ತಿ ನೀರು ಸುರಿದುಕೊಳ್ಳುತ್ತೀರಾ? ನಮ್ಮ ಕಡೆ ಹೆಚ್ಚಿನವರ ತೊಂದರೆ ಅಲ್ಲೇ. ಕತ್ತು ಹಿಂದಕ್ಕೆ ಬಾಗಿದಾಗ ಗಂಟಲು ಬಿಗಿಯುತ್ತದೆ.

ಗುಳಿಗೆಗೆ ಹೀಗೆ ಮಾಡಿ. ಮೊದಲು ಒಂದು ಗುಟುಕು ನೀರಿನಿಂದ ಬಾಯಿ ಒದ್ದೆಯಾಗಲಿ. ಬ್ಯಾಸಗಿಯಲ್ಲಂತೂ ಒಣ ನಾಲಿಗೆಗೆ ಗುಳಿಗೆ ಅಂಟಿಯೇ ಅಂಟುತ್ತದೆ. ಒತ್ತಿದರೆ ಒಳಕ್ಕೆ ಹೋಗುವ ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಯ ತುಂಬ ನೀರಿರಲಿ. ಗುಳಿಗೆ ನಾಲಿಗೆ ಮೇಲಿಟ್ಟು, ಬಾಟಲಿಯ ಬಾಯಿಗೆ ತುಟಿ ಬಿಗಿದು, ನೀರನ್ನು ಹೀರುತ್ತಾ ನುಂಗಿ. ಗಾಳಿ ಒಳಗೆ ಹೋಗಬಾರದು. ಬಾಟಲಿ ಒಳಕ್ಕೆ ಮುದುಡಿದರೆ ಸರಿಯಾಗಿದೆ ಎಂದರ್ಥ. ಲಕ್ವಾ ಹೊಡೆದವರು, ನೀರು ಕುಡಿದರೂ ಕೆಮ್ಮು ಬರುವವರು ಇದನ್ನು ಮಾಡಬಾರದು.

ಕ್ಯಾಪ್ಸೂಲ್ ಹಗುರ, ನೀರಲ್ಲಿ ತೇಲುತ್ತದೆ. ಅದಕ್ಕೆ ಉಲ್ಟಾ: ಬಾಯಲ್ಲಿ ಕ್ಯಾಪ್ಸೂಲ್, ಒಂದು ಗುಟುಕು ನೀರು, ಗದ್ದ ಎದೆಯ ಕಡೆಗೆ ಬಾಗಿಸಿ ನುಂಗಿ. ತೇಲಿ ತಾನೇ ಗಂಟಲ ಕಡೆ ಬರುತ್ತದೆ.

ಇಷ್ಟಾದರೂ ಇಳಿಯದಿದ್ದರೆ ಪುಡಿ ಮಾಡುವ ದಾರಿಯಿದೆ; ಸಾದಾ ಎಸಿಟಾಲೊಪ್ರಾಮ್‌ನಲ್ಲಿ ನಿಧಾನ ಬಿಡುಗಡೆಯ ಲೇಪವಿಲ್ಲ. ಎರಡು ಚಮಚದ ನಡುವೆ ಪುಡಿ ಮಾಡಿ ಒಂದು ಚಮಚ ಹಿಚುಕಿದ ಬಾಳೆಹಣ್ಣಿನಲ್ಲಿ ಕಲಸಿ ತಕ್ಷಣ ತಿನ್ನಬಹುದು. ಕಹಿ ಇದ್ದೇ ಇರುತ್ತದೆ, ಬೆಲ್ಲ ಬೆರೆಸಿ. ಬಟ್ಟಲು ತುಂಬ ಅಂಬಲಿಯಲ್ಲಿ ಹಾಕಬೇಡಿ, ಅರ್ಧ ಉಳಿದರೆ ಔಷಧವೂ ಅರ್ಧ. ಮೇಲೆ ಅರ್ಧ ಲೋಟ ನೀರು ಕುಡಿದು, ಅರ್ಧ ತಾಸು ಮಲಗಬೇಡಿ.

ಪ್ರಶ್ನೆ: ಗಂಟಲಿಗೆ ಸಿಕ್ಕುತ್ತದೆ ಅಂತ ಪರೊಕ್ಸೆಟಿನ್ ನಾಲ್ಕು ದಿನ ಬಿಟ್ಟೆ. ತಲೆಯಲ್ಲಿ ಕರೆಂಟ್ ಹೊಡೆದಂಗ ಆಗ್ತದ, ತಲೆಸುತ್ತು.
(ಹುಮನಾಬಾದಿನ ಓದುಗರು)

ಉತ್ತರ: ದಿಢೀರ್ ಬಿಟ್ಟಿದ್ದರಿಂದ ಹೀಗಾಗಿದೆ. ಖಿನ್ನತೆಯ ಔಷಧಗಳಲ್ಲಿ ಪರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಲ್ಲಿ ಇದು ಹೆಚ್ಚು. ಬಿಟ್ಟ ಗುಳಿಗೆಗಳನ್ನು ಒಟ್ಟಿಗೆ ನುಂಗಬೇಡಿ. ಇವತ್ತೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ನುಂಗುವುದೇ ಕಷ್ಟವೆಂದು ಬಾಯಿಬಿಟ್ಟು ಹೇಳಿ, ಆಗ ಅವರು ಔಷಧವನ್ನೇ ಬದಲಿಸಬಹುದು. ಫ್ಲುಯೊಕ್ಸೆಟಿನ್ ದ್ರವರೂಪದಲ್ಲೂ ಇದೆ, 5 ಮಿಲಿಯಲ್ಲಿ 20 ಮಿಗ್ರಾಂ. ಅಳತೆ ಮುಚ್ಚಳದಲ್ಲೇ ಅಳೆಯಿರಿ, ಅಡುಗೆಮನೆ ಚಮಚ ಬೇಡ. ಮಿರ್ಟಾಜಪಿನ್‌ನಲ್ಲಿ ನಾಲಿಗೆ ಮೇಲೆ ಕರಗುವ ಗುಳಿಗೆ ಇದೆ. ಒಣ ಕೈಯಿಂದ ಹಾಳೆ ಸುಲಿದು ತೆಗೆಯಬೇಕು, ಒತ್ತಿದರೆ ಪುಡಿಯಾಗುತ್ತದೆ.

ಗುಳಿಗೆಯಷ್ಟೇ ಅಲ್ಲ, ರೊಟ್ಟಿಯೂ ಸಿಕ್ಕಿಕೊಳ್ಳುತ್ತಿದೆಯೇ, ತೂಕ ಇಳಿದಿದೆಯೇ? ಹಾಗಿದ್ದರೆ ಮೊದಲು ಬೀದರಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್‌ನಲ್ಲಿ ಗಂಟಲು, ಅನ್ನನಾಳ ತೋರಿಸಿ. ಔಷಧ ಬಿಟ್ಟ ಈ ದಿನಗಳಲ್ಲಿ ಬದುಕೇ ಬೇಡವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.