ಇನ್‌ಫ್ರಾರೆಡ್ ಅಂದರೆ ಶಾಖವಲ್ಲ

ಪ್ರಶ್ನೆ: ಇನ್‌ಫ್ರಾರೆಡ್ ಅಂದರೆ ಶಾಖ ಅಲ್ವಾ? ಹಾಗಿದ್ದರೆ ಹೀಟರ್ ಎದುರು ಕೂತಾಗ ಮುಖ ಬಿಸಿಯಾದರೂ ನಡುವಿನ ಗಾಳಿ ಯಾಕೆ ತಣ್ಣಗಿರುತ್ತದೆ?

ಉತ್ತರ: ನಿಮ್ಮ ಪ್ರಶ್ನೆಯ ಮೊದಲ ವಾಕ್ಯವನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಇನ್‌ಫ್ರಾರೆಡ್ ಶಾಖವಲ್ಲ, ಕಣ್ಣಿಗೆ ಕಾಣದ ಬೆಳಕು. ಯಾವುದಾದರೂ ವಸ್ತು ಅದನ್ನು ಹೀರಿಕೊಂಡಾಗ ಮಾತ್ರ ಶಾಖವಾಗುತ್ತದೆ. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪ್ರಿಸಂನಿಂದ ಬಣ್ಣಗಳಾಗಿ ಒಡೆದು, ಕೆಂಪಿನ ಆಚೆ ಥರ್ಮಾಮೀಟರ್ ಇಟ್ಟ. ಬಣ್ಣವೇ ಇಲ್ಲದ ಆ ಜಾಗದಲ್ಲೂ ಪಾದರಸ ಏರಿತು. ಬಿಸಿಯಾದದ್ದು ಥರ್ಮಾಮೀಟರ್, ಕಿರಣವಲ್ಲ.

ಈಗ ಗಾಳಿಯ ವಿಷಯ. ಅಣುವಿನೊಳಗಿನ ಪರಮಾಣುಗಳು ಸ್ಪ್ರಿಂಗ್ ಕಟ್ಟಿದ ಹಾಗೆ ಅಲುಗಾಡುತ್ತಿರುತ್ತವೆ. ಒಂದೊಂದು ಬಗೆಯ ಅಣುವಿಗೂ ತನ್ನದೇ ಲಯ. ಒಳಗೆ ಬಂದ ಬೆಳಕಿನ ಅಲೆಯ ಲಯ ಅದಕ್ಕೆ ಹೊಂದಿದರೆ ಅಣು ಜೋರಾಗಿ ಅದುರುತ್ತದೆ, ಪಕ್ಕದವಕ್ಕೆ ಗುದ್ದಿ ಶಕ್ತಿ ಹಂಚುತ್ತದೆ. ವಸ್ತು ಬಿಸಿಯಾಗುವುದು ಹೀಗೆ. ಆದರೆ ಲಯ ಹೊಂದಿದರೆ ಸಾಲದು. ಅದುರುವಾಗ ಅಣುವಿನೊಳಗೆ ಪ್ಲಸ್-ಮೈನಸ್ ವಿದ್ಯುತ್ತಿನ ಹಂಚಿಕೆಯೂ ಆಚೀಚೆ ಆಗಬೇಕು, ಇಲ್ಲದಿದ್ದರೆ ಅಲೆಗೆ ಹಿಡಿತವೇ ಸಿಗುವುದಿಲ್ಲ. ನೀರಿನ ಅಣುವಿನಲ್ಲಿ ಹೀಗಾಗುತ್ತದೆ. ಹಾಗಾಗಿ 3 ಮತ್ತು 6 ಮೈಕ್ರೊಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸಿನ ಉದ್ದದ ಅಲೆಗಳನ್ನು ನೀರು ಗಟ್ಟಿಯಾಗಿ ಹೀರುತ್ತದೆ. ಒಣಗಾಳಿಯ ನೂರಕ್ಕೆ 99 ಪಾಲು ನೈಟ್ರೋಜನ್ ಮತ್ತು ಆಕ್ಸಿಜನ್. ಎರಡರಲ್ಲೂ ಒಂದೇ ಥರದ ಪರಮಾಣುಗಳ ಜೋಡಿ. ಎಷ್ಟು ಅದುರಿದರೂ ಎರಡೂ ಕಡೆ ಸಮ. ಕಿರಣ ಅವನ್ನು ಹಾಗೇ ದಾಟಿ ನಿಮ್ಮ ಚರ್ಮಕ್ಕೆ ಬರುತ್ತದೆ. ಅಲ್ಲಿ ಬೇಕಾದಷ್ಟು ನೀರಿದೆ. ಉದ್ದ ಅಲೆಯ ಇನ್‌ಫ್ರಾರೆಡ್ ಒಂದು ಮಿಲಿಮೀಟರ್ ಕೂಡ ಒಳಗೆ ಹೋಗದೆ ಅಲ್ಲೇ ಮುಗಿಯುತ್ತದೆ. ಕೋಣೆಯ ಗಾಳಿ ಬೆಚ್ಚಗಾಗುವುದು ಆಮೇಲೆ, ಬಿಸಿಯಾದ ಗೋಡೆ, ನೆಲ, ಹೀಟರ್‌ನ ಮೈ ತಾಗಿ.

ಪ್ರಶ್ನೆ: ಇನ್‌ಫ್ರಾರೆಡ್ ಬಳೆ ಮೂಳೆಯ ತನಕ ಬಿಸಿ ಮುಟ್ಟಿಸುತ್ತದಂತೆ, ನಿಜವೇ?

ಉತ್ತರ: ಶುದ್ಧ ಸುಳ್ಳು. ಬ್ಯಾಟರಿ ಇಲ್ಲದ ಬಳೆ ನಿಮ್ಮ ಮೈಯಿಂದಲೇ ಶಾಖ ಪಡೆದು ಅದರಲ್ಲೇ ಒಂದಿಷ್ಟು ಹಿಂದಿರುಗಿಸುತ್ತದೆ. ಅದಕ್ಕಿಂತ ಜಾಸ್ತಿ ಕೊಡಲು ಅದರ ಹತ್ತಿರ ಏನೂ ಇಲ್ಲ. ನಿಮ್ಮ ಚರ್ಮವೂ ಹಗಲೂ ರಾತ್ರಿ ಇನ್‌ಫ್ರಾರೆಡ್ ಸೂಸುತ್ತಲೇ ಇರುತ್ತದೆ. ನೋವಿನಲ್ಲಿರುವವರಿಗೆ ಇಂಥದ್ದನ್ನು ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದನ್ನು ನಂಬಿ ಔಷಧ ಬಿಡಬೇಡಿ.

ಪ್ರಶ್ನೆ: ಮೈಕ್ರೋವೇವ್ ಓವನ್ ಕೂಡ ಇನ್‌ಫ್ರಾರೆಡ್ಡೇ?

ಉತ್ತರ: ಅಲ್ಲ. ಅದರ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ, ಮೇಲೆ ಹೇಳಿದ ಮೈಕ್ರೊಮೀಟರ್ ಲೆಕ್ಕದ ಇನ್‌ಫ್ರಾರೆಡ್ ಅಲೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚು.

ಪ್ರಶ್ನೆ: ಕೆಂಪಗೆ ಕಾದ ಕುಲುಮೆಯನ್ನು ಬರಿಗಣ್ಣಿನಿಂದ ನೋಡಬಹುದೇ?

ಉತ್ತರ: ದಿನಾ ನೋಡುವ ಕೆಲಸವಾದರೆ ಖಂಡಿತ ಬೇಡ. ಕಣ್ಣಿನ ಮಸೂರಕ್ಕೆ ರಕ್ತನಾಳಗಳಿಲ್ಲ, ಇನ್‌ಫ್ರಾರೆಡ್‌ನಿಂದ ಸೇರಿದ ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ಗಾಜು ಊದುವವರಿಗೆ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ಕಣ್ಣಿನ ಪೊರೆ ಬರುತ್ತಿದ್ದದ್ದು ಇದರಿಂದಲೇ. ಮಾಮೂಲಿ ಕೂಲಿಂಗ್ ಗ್ಲಾಸ್ ಸಾಲದು, ಇನ್‌ಫ್ರಾರೆಡ್ ತಡೆಯುವ ಕನ್ನಡಕವನ್ನೇ ಕೇಳಿ ತೆಗೆದುಕೊಳ್ಳಿ. ನಾನಂತೂ ಎರಡು ನಿಮಿಷದ ಕೆಲಸಕ್ಕೂ ಅದಿಲ್ಲದೆ ಕುಲುಮೆಯ ಮುಂದೆ ನಿಲ್ಲುವುದಿಲ್ಲ.