ಪ್ರಶ್ನೋತ್ತರ: ಒಲೆಯವರೆಗೂ ಬರುವ ಪ್ರಭುತ್ವ

ಕಳೆದ ಸಂಚಿಕೆಯಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ 1834ರ ಪದಚ್ಯುತಿಯ ಬಗ್ಗೆ ಬರೆಯುತ್ತ ಅವನನ್ನು ನಿರಂಕುಶ ಅರಸನೆಂದು ಕರೆದಿದ್ದೆ. ಅವನೇ ನಿರಂಕುಶನಾದರೆ ಹಿಟ್ಲರನನ್ನೂ ಸ್ಟಾಲಿನನನ್ನೂ ಏನೆಂದು ಕರೆಯುತ್ತೀರಿ ಎಂದು ಕೇಳಿ ಕೊಡಗಿನ ಬೇರೆ ಬೇರೆ ಊರುಗಳಿಂದ ಪತ್ರಗಳು ಬಂದಿವೆ. ಅವರದನ್ನು ನಾನು ಸರ್ವಂಕಷ ಪ್ರಭುತ್ವ ಎನ್ನುತ್ತೇನೆ, ಅಂದರೆ ಗದ್ದುಗೆಯಷ್ಟೇ ಅಲ್ಲದೆ ಜನರ ದಿನನಿತ್ಯದ ಬದುಕನ್ನೂ ಹಿಡಿತಕ್ಕೆ ತೆಗೆದುಕೊಳ್ಳುವ ಆಳ್ವಿಕೆ. ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಹಿಟ್ಲರನನ್ನು ಜರ್ಮನಿಯ ಜನರೇ ಮತ ಹಾಕಿ ಅಧಿಕಾರಕ್ಕೆ ತಂದರು ಎಂದು ಮಕ್ಕಳಿಗೆ ಪಾಠ ಮಾಡುತ್ತ ಬಂದಿದ್ದೇನೆ. ಇದು ಸರಿಯೇ? (ಸೋಮವಾರಪೇಟೆಯ ಶಿಕ್ಷಕಿಯೊಬ್ಬರು)

ಉತ್ತರ: ಅರ್ಧ ಸರಿ ಮೇಡಂ. ಉಳಿದ ಅರ್ಧವನ್ನು ಹೇಳದಿದ್ದರೆ ಮಕ್ಕಳಿಗೆ ವಿಷಯದ ತಿರುಳೇ ತಪ್ಪಿಹೋಗುತ್ತದೆ. 1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ಬಿದ್ದದ್ದು ಶೇಕಡ 2.6ರಷ್ಟು ಮತ, ಸಿಕ್ಕಿದ್ದು 12 ಸ್ಥಾನ. ಮರುವರ್ಷ ಆರ್ಥಿಕ ಕುಸಿತ ಬಂತು, ಲಕ್ಷಾಂತರ ಜನ ಕೆಲಸ ಕಳೆದುಕೊಂಡರು, ಮತ್ತು 1932ರ ಜುಲೈನಲ್ಲಿ ಅದೇ ಪಕ್ಷ ಶೇಕಡ 37ರಷ್ಟು ಮತ ಪಡೆದು 230 ಸ್ಥಾನಗಳೊಂದಿಗೆ ಸಂಸತ್ತಿನ ಅತಿ ದೊಡ್ಡ ಪಕ್ಷವಾಯಿತು. ಆದರೂ ಅದು ಬಹುಮತವಲ್ಲ. ನವೆಂಬರಿನಲ್ಲಿ ಮತ್ತೆ ಚುನಾವಣೆ ನಡೆದಾಗ ಪಕ್ಷ ಶೇಕಡ 33ಕ್ಕೆ ಇಳಿಯಿತು. ಅಂದರೆ 1933ರ ಜನವರಿ 30ರಂದು ಅಧ್ಯಕ್ಷ ಹಿಂಡನ್‌ಬರ್ಗ್ ಅವನನ್ನು ಚಾನ್ಸಲರ್ ಹುದ್ದೆಗೆ, ಅಂದರೆ ಸರಕಾರದ ಮುಖ್ಯಸ್ಥನಾಗಿ, ನೇಮಿಸಿದ್ದು ಅವನ ಮತ ಇಳಿಮುಖವಾಗಿದ್ದ ಹೊತ್ತಿನಲ್ಲಿ. ಮೊದಲ ಸಂಪುಟದಲ್ಲಿ ಅವನನ್ನೂ ಸೇರಿಸಿ ಪಕ್ಷದವರು ಮೂವರೇ ಇದ್ದರು. ಇವನ ಜನಪ್ರಿಯತೆಯನ್ನು ನಾವು ಬಳಸಿಕೊಳ್ಳೋಣ, ಮೂಗುದಾರ ನಮ್ಮ ಕೈಯಲ್ಲೇ ಇರುತ್ತದೆ ಎಂಬುದು ಪಾಪೆನ್ ಮುಂತಾದ ಹಳೆಯ ರಾಜಕಾರಣಿಗಳ ಲೆಕ್ಕಾಚಾರವಾಗಿತ್ತು.

ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಹೊರಟ ಆಜ್ಞೆ ಮಾತು, ಪತ್ರಿಕೆ, ಸಭೆ, ಮನೆಯ ಗೋಪ್ಯತೆ ಎಲ್ಲವನ್ನೂ ಅಮಾನತಿನಲ್ಲಿಟ್ಟಿತು. ಅದಕ್ಕೆ ಆಧಾರ ಸಂವಿಧಾನದ್ದೇ 48ನೆಯ ವಿಧಿ. 1930ರಿಂದಲೂ ಸರಕಾರಗಳು ಸಂಸತ್ತನ್ನು ಬದಿಗಿಟ್ಟು ಅದೇ ವಿಧಿಯಡಿ ಆಜ್ಞೆಗಳ ಮೂಲಕ ಆಳುತ್ತಿದ್ದುದರಿಂದ ಜನರಿಗೆ ಅದು ಹೊಸದೆನಿಸಲಿಲ್ಲ, ಮತ್ತು ನನಗೆ ಇಡೀ ಕಥೆಯಲ್ಲಿ ಅತ್ಯಂತ ಅಪಾಯಕಾರಿಯಾಗಿ ಕಾಣುವುದು ಈ ರೂಢಿಯೇ. ಮಾರ್ಚ್ 23ರಂದು, ಸಂಸತ್ತನ್ನು ಕೇಳದೆ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತೇ 444ಕ್ಕೆ 94 ಮತಗಳಿಂದ ಸರಕಾರಕ್ಕೆ ಬರೆದುಕೊಟ್ಟಿತು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಟ್ಟಿರಲಿಲ್ಲ, ವಿರೋಧವಾಗಿ ಮತ ಹಾಕಿದವರು ಸೋಷಿಯಲ್ ಡೆಮಾಕ್ರಟರು ಮಾತ್ರ. ಜುಲೈ 14ಕ್ಕೆ ದೇಶದಲ್ಲಿ ಒಂದೇ ಪಕ್ಷ ಉಳಿಯಿತು. ಇಷ್ಟಕ್ಕೆ ಆರು ತಿಂಗಳೂ ಹಿಡಿಯಲಿಲ್ಲ.

ನಮ್ಮ 1975ರ ತುರ್ತುಪರಿಸ್ಥಿತಿಯೂ ಇಂಥದ್ದೇ ಅಲ್ಲವೇ ಎಂದು ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಬಾಗಿಲು ಅದೇ ಬಗೆಯದು, ಸಂವಿಧಾನದೊಳಗಿನದೇ. ಆದರೆ 1977ರಲ್ಲಿ ಚುನಾವಣೆ ನಡೆಯಿತು, ಸರಕಾರ ಸೋತು ಇಳಿಯಿತು, ಮರುವರ್ಷ 44ನೆಯ ತಿದ್ದುಪಡಿ ಆ ಬಾಗಿಲನ್ನು ಕಿರಿದುಗೊಳಿಸಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಪ್ರಶ್ನೆ: ನಮ್ಮ ತಂದೆಯ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ (ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆ) ಕೊಡಬೇಕಿತ್ತು, ಹೊರಗೆ ಮಾರಿದರೆ ಅಪರಾಧ. ರಷ್ಯಾದಲ್ಲಿ ನಡೆದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? (ವಿರಾಜಪೇಟೆಯ ಬೆಳೆಗಾರರೊಬ್ಬರು)

ಉತ್ತರ: ನಿಮ್ಮ ಸಿಟ್ಟು ನನಗೆ ಗೊತ್ತು, ಏಕೆಂದರೆ ಅದು ನಮ್ಮ ಮನೆಯಲ್ಲೂ ಇತ್ತು. ಕಣದಲ್ಲಿ ಒಣಗಿದ ಕಾಫಿಯನ್ನು ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸಿ, ಕಂತುಗಳಲ್ಲಿ ಬರುವ ಹಣಕ್ಕೆ ಕಾಯುತ್ತ, ತಂದೆಯವರು ಜಗಲಿಯಲ್ಲಿ ಕುಳಿತು ಬೋರ್ಡಿಗೆ ಕೇಳಿಸಬೇಕೆಂಬಂತೆ ಬೈಯುತ್ತಿದ್ದರು. ನಿಮ್ಮ ಪ್ರಶ್ನೆಗೆ ಉತ್ತರ ಆ ಜಗಲಿಯಲ್ಲೇ ಇದೆ. ಅವರು ಬೈದರು, ಬೆಳೆಗಾರರ ಸಂಘಗಳು ಮನವಿ ಕೊಟ್ಟವು, ಪತ್ರಿಕೆಗಳು ಬರೆದವು, ನ್ಯಾಯಾಲಯದ ದಾರಿ ತೆರೆದೇ ಇತ್ತು, ಕೊನೆಗೆ 1990ರ ದಶಕದಲ್ಲಿ ಆ ವ್ಯವಸ್ಥೆಯನ್ನು ಹಂತಹಂತವಾಗಿ ಕೈಬಿಡಲಾಯಿತು. ಅದು ಬೆಳೆಯ ಮೇಲಿನ ಹಿಡಿತವಾಗಿತ್ತು, ಬೆಳೆಗಾರನ ಬದುಕಿನ ಮೇಲಿನ ಹಿಡಿತವಾಗಿರಲಿಲ್ಲ.

ಸ್ಟಾಲಿನನ ಸೋವಿಯತ್ ಒಕ್ಕೂಟದಲ್ಲಿ 1932ರ ಆಗಸ್ಟ್ 7ರ ಕಾನೂನಿನ ಪ್ರಕಾರ ಸಾಮೂಹಿಕ ಗದ್ದೆಯಿಂದ (ರೈತರ ಹೊಲಗಳನ್ನು ಒಟ್ಟುಗೂಡಿಸಿ ಮಾಡಿದ್ದು) ತೆನೆ ಆಯ್ದುಕೊಂಡವನಿಗೂ ಹತ್ತು ವರ್ಷದ ಸೆರೆ ಅಥವಾ ಮರಣದಂಡನೆ ವಿಧಿಸಬಹುದಿತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ಉದುರಿದ ತೆನೆ ಹೆಕ್ಕುವುದನ್ನು ನಾವು ಯಾರೂ ಕಳವೆಂದು ಕರೆದವರಲ್ಲ. ಅದೇ ವರ್ಷದ ಕೊನೆಯಲ್ಲಿ ದೇಶದೊಳಗೆ ಓಡಾಡುವುದಕ್ಕೂ ಪಾಸ್‌ಪೋರ್ಟ್ ಬಂತು. ಸಾಮೂಹಿಕ ಬೇಸಾಯದ ರೈತರಿಗೆ ಸಾಮಾನ್ಯವಾಗಿ ಅದನ್ನು ಕೊಡಲಿಲ್ಲವಾದ್ದರಿಂದ ಹಸಿದವರು ಊರು ಬಿಡುವಂತೆಯೂ ಇರಲಿಲ್ಲ. 1932–33ರ ಆ ಬರಗಾಲದಲ್ಲಿ ಲಕ್ಷಗಟ್ಟಲೆ ಜನ, ಬಹುಪಾಲು ಉಕ್ರೇನ್ ಮತ್ತು ಕಜಾಕ್‌ಸ್ತಾನಗಳಲ್ಲಿ, ಸತ್ತರು. 1937ರ ಜನಗಣತಿಯಲ್ಲಿ ತಲೆ ಎಣಿಕೆ ನಿರೀಕ್ಷೆಗಿಂತ ಕಡಿಮೆ ಬಂದಾಗ ಸರಕಾರ ಗಣತಿಯನ್ನೇ ರದ್ದುಪಡಿಸಿ ಅದರ ಹಿರಿಯ ಅಧಿಕಾರಿಗಳನ್ನು ಬಂಧಿಸಿತು. ಬೈಯುವುದಿರಲಿ, ಎಣಿಸುವುದೂ ಅಪರಾಧವಾದ ಹೊತ್ತು ಅದು.

ಪ್ರಶ್ನೆ: ನಮ್ಮಲ್ಲಿರುವಂತೆ ಮನೆಮನೆಗೂ ಕೋವಿ ಇದ್ದಿದ್ದರೆ ಇಂಥ ಆಳ್ವಿಕೆ ಬರುತ್ತಿತ್ತೇ? (ಗೋಣಿಕೊಪ್ಪಲಿನ ಓದುಗರೊಬ್ಬರು)

ಉತ್ತರ: ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗೆ ಹೂವಿಟ್ಟು ಪೂಜಿಸುವ ಊರಿನಿಂದ ಈ ಪ್ರಶ್ನೆ ಬರದಿದ್ದರೆ ನನಗೇ ನಿರಾಸೆಯಾಗುತ್ತಿತ್ತು. ಜರ್ಮನಿಯ ಹಳ್ಳಿಗಳಲ್ಲೂ ಗುರಿ ಹೊಡೆಯುವ ಸಂಘಗಳು ಶತಮಾನಗಳಿಂದ ಇದ್ದವು. 1933ರಲ್ಲಿ ಯಾರೂ ಆ ಕೋವಿಗಳಿಗೆ ಕೈ ಹಾಕಬೇಕಾಗಲಿಲ್ಲ. ಸಂಘದ ಆಡಳಿತ ಮಂಡಳಿಯಲ್ಲಿ ಪಕ್ಷದವರು ಬಂದು ಕೂತರು, ಅಷ್ಟೆ. ಹಾಡಿನ ಸಂಘ, ಆಟದ ಕ್ಲಬ್, ಕಾರ್ಮಿಕ ಸಂಘ ಒಂದೊಂದಾಗಿ ಹೀಗೆಯೇ ಪಕ್ಷದ ಶಾಖೆಯಾದವು ಅಥವಾ ಮುಚ್ಚಿದವು. ಊರಿನ ಸಂಘ, ಸಮಾಜದ ಸಭೆ, ಕುಟುಂಬಗಳ ಹಾಕಿ ಪಂದ್ಯ ಇವೆಲ್ಲಕ್ಕೂ ಒಂದೇ ಕಚೇರಿಯಿಂದ ಅಧ್ಯಕ್ಷರು ಬಂದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಕೋವಿ ಎತ್ತಬೇಕೆಂದು ನಾಲ್ವರು ಕೂಡಿ ಮಾತಾಡಲಿಕ್ಕೆ ಜಾಗವೇ ಉಳಿದಿರುವುದಿಲ್ಲ.

ಪ್ರಶ್ನೆ: ರಾಜಕೀಯಕ್ಕೆ ಹೋಗದೆ ತನ್ನ ಪಾಡಿಗೆ ತಾನಿದ್ದವನ ಬದುಕು ಅಲ್ಲಿ ಹೇಗಿತ್ತು? (ಮಡಿಕೇರಿಯ ಕಾಲೇಜು ವಿದ್ಯಾರ್ಥಿ)

ಉತ್ತರ: ತನ್ನ ಪಾಡಿಗೆ ತಾನಿರಲು ಬಿಡದಿರುವುದೇ ಇಂಥ ಪ್ರಭುತ್ವದ ಗುರುತು, ಮಗೂ. ಚಿಕ್ಕವೀರರಾಜೇಂದ್ರ ಬಂಧುಗಳನ್ನೇ ಕೊಲ್ಲಿಸಿದನೆಂಬ ಆರೋಪವಿದೆ (ಅದನ್ನು ಹೆಚ್ಚಾಗಿ ಬರೆದಿಟ್ಟವರು ಅವನನ್ನು ಇಳಿಸಿದ ಬ್ರಿಟಿಷರೇ ಎಂಬುದನ್ನೂ ನೆನಪಿಡಬೇಕು). ಆದರೆ ಗದ್ದೆಯಲ್ಲಿ ನಾಟಿಯವರು ಯಾವ ಹಾಡು ಹೇಳುತ್ತಾರೆ, ಭಾನುವಾರ ಒಲೆಯ ಮೇಲೆ ಏನಿದೆ ಎಂಬುದು ಅವನಿಗೆ ಬೇಕಿರಲಿಲ್ಲ. ಹಿಟ್ಲರನ ಸರಕಾರಕ್ಕೆ ಬೇಕಿತ್ತು. 1933ರ ಅಕ್ಟೋಬರಿನಿಂದ ಚಳಿಗಾಲದ ತಿಂಗಳುಗಳಲ್ಲಿ ತಿಂಗಳಿಗೊಂದು ಭಾನುವಾರ ಎಲ್ಲ ಮನೆಗಳೂ ಒಂದೇ ಪಾತ್ರೆಯ ಅಗ್ಗದ ಅಡುಗೆ ಮಾಡಿ, ಉಳಿದ ಹಣವನ್ನು ಬಡವರ ನಿಧಿಗೆ ಕೊಡಬೇಕೆಂದಾಯಿತು. ಕೇಳಲು ಒಳ್ಳೆಯ ಕೆಲಸವೇ. ಆದರೆ ವಸೂಲಿಗೆ ಡಬ್ಬ ಹಿಡಿದು ಬಾಗಿಲು ತಟ್ಟುವವನು ಪಕ್ಷದವನು. ನಿಮ್ಮ ಮನೆಯಲ್ಲಿ ಪಂದಿಕರಿಯ ಘಮ ಎದ್ದಿರುವಾಗ ಅವನು ಹೊಸ್ತಿಲಲ್ಲಿ ನಿಂತು ಮೂಗರಳಿಸಿದರೆ ಹೇಗಿರುತ್ತದೆ? ಸುಮಾರು 40ರಿಂದ 60 ಮನೆಗಳಿಗೊಬ್ಬ ಮೇಲ್ವಿಚಾರಕನಿದ್ದ. ಯಾರು ಬಾವುಟ ಕಟ್ಟಲಿಲ್ಲ, ಯಾರು ಕೈ ಚಾಚಿ ವಂದಿಸಲಿಲ್ಲ ಎಂಬುದರ ಮೇಲೆ ಅವನ ಕಣ್ಣು. ಇಟಲಿಯಲ್ಲಿ ಮುಸೊಲಿನಿಯ ಸರಕಾರ ಇನ್ನೂ ಮುಂದೆ ಹೋಗಿ 1938ರಲ್ಲಿ, ಎದುರಿನವರನ್ನು ಗೌರವದಿಂದ ಕರೆಯುವ ಸರ್ವನಾಮವನ್ನೇ ಬದಲಾಯಿಸಲು ಹೇಳಿತು. ನೀನು, ನೀವು, ತಾವು ಎಂಬ ಸೂಕ್ಷ್ಮದಲ್ಲಿ ಬದುಕುವ ನಮಗೆ ಇದರ ಕಸಿವಿಸಿ ಬಿಡಿಸಿ ಹೇಳಬೇಕಿಲ್ಲ.

ಎಲ್ಲರ ಹಿಂದೆಯೂ ಪೊಲೀಸರಿದ್ದರೆಂದು ಭಾವಿಸಬೇಡ. ಹಿಟ್ಲರನ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊದ ಸಿಬ್ಬಂದಿ ಜನಸಂಖ್ಯೆಗೆ ಹೋಲಿಸಿದರೆ ಸ್ವಲ್ಪವೇ. ಅವರಿಗೆ ಬಹಳಷ್ಟು ಸುದ್ದಿ ತಂದುಕೊಟ್ಟವರು ಸಾಮಾನ್ಯ ಜನ, ಮತ್ತು ಎಷ್ಟೋ ದೂರುಗಳ ಬೇರು ಹಳೆಯ ವೈಯಕ್ತಿಕ ಹಗೆ. ನಮ್ಮಲ್ಲಿ ಬೇಲಿ ಒಂದಡಿ ಸರಿದದ್ದಕ್ಕೆ ಎರಡು ತಲೆಮಾರು ಮಾತು ಬಿಟ್ಟ ಮನೆಗಳಿವೆ. ಅಂಥ ನೆರೆಮನೆಯವರ ಕೈಗೆ, 'ಇವರು ರಾತ್ರಿ ವಿದೇಶಿ ರೇಡಿಯೋ ಕೇಳುತ್ತಾರೆ' ಎಂಬ ಒಂದೇ ಸಾಲಿನಿಂದ ಆ ವ್ಯಾಜ್ಯವನ್ನು ಶಾಶ್ವತವಾಗಿ ಮುಗಿಸುವ ದಾರಿ ಸಿಕ್ಕಿತು. 1939ರ ಸೆಪ್ಟೆಂಬರಿನಿಂದ ವಿದೇಶಿ ರೇಡಿಯೋ ಕೇಳುವುದು ಶಿಕ್ಷಾರ್ಹ ಅಪರಾಧವಾಗಿತ್ತು.

ಓದಿದವರು ಏನು ಮಾಡಿದರು ಎಂದೂ ನೀನು ಕೇಳಿದ್ದೀಯೆ. 1931ರಲ್ಲಿ ಇಟಲಿಯ ಪ್ರಾಧ್ಯಾಪಕರೆಲ್ಲರೂ ಫ್ಯಾಸಿಸ್ಟ್ ಆಳ್ವಿಕೆಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದಾಯಿತು. ಸಾವಿರದ ಇನ್ನೂರರಷ್ಟು ಮಂದಿಯಲ್ಲಿ ನಿರಾಕರಿಸಿದವರು ಹನ್ನೆರಡರ ಆಸುಪಾಸು. ಸಹಿ ಹಾಕಿದವರಲ್ಲಿ ಎಷ್ಟೋ ಜನ, ನಾವು ಬಿಟ್ಟರೆ ನಮ್ಮ ಕುರ್ಚಿಗೆ ಇನ್ನೂ ಕೆಟ್ಟವರು ಬರುತ್ತಾರೆ ಎಂದು ಸಮಾಧಾನ ಹೇಳಿಕೊಂಡರು. ನಿರಾಕರಿಸಿದವರಿಗೆ ಆದ ಶಿಕ್ಷೆ, ಕೆಲಸ ಹೋದದ್ದು.